ಕಂಪನಿ ಅಪ್‌ಡೇಟ್ ನಿಲ್ಲಿಸಿದ ಮೇಲೂ ಆಂಡ್ರಾಯ್ಡ್ ಫೋನಿನಲ್ಲಿ ನೀವು ಹೊಸದಾಗಿಡಬಹುದಾದ ಭಾಗಗಳು

"ಫೋನು ಚೆನ್ನಾಗೇ ನಡೀತಿದೆ, ಆದರೆ ಕಂಪನಿಯವರು ಅಪ್‌ಡೇಟ್ ಕೊಡೋದು ನಿಲ್ಲಿಸಿದ್ದಾರೆ. ಹೊಸದು ತಗೊಳ್ಳಲೇಬೇಕಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರ ಫೋನು ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಹಳೆಯದು. ಬ್ಯಾಟರಿ ಇನ್ನೂ ಒಂದು ದಿನ ಬರುತ್ತದೆ, ಪರದೆ ಒಡೆದಿಲ್ಲ. ಅಂಥ ಫೋನನ್ನು ಮೂಲೆಗೆ ಹಾಕುವ ಮುನ್ನ ಒಂದು ವಿಷಯ ತಿಳಿದಿರಲಿ. ಆಂಡ್ರಾಯ್ಡ್ ಫೋನಿನೊಳಗಿನ ಹಲವು ಮುಖ್ಯ ಭಾಗಗಳು ಕಂಪನಿಯ ದಾರಿ ಕಾಯದೆ, ಆಪರೇಟಿಂಗ್ ಸಿಸ್ಟಮ್ ಬದಲಾಗದೆ, ತಮ್ಮ ಪಾಡಿಗೆ ತಾವು ಅಪ್‌ಡೇಟ್ ಆಗುತ್ತವೆ. ಎಷ್ಟೋ ಫೋನುಗಳಲ್ಲಿ ಆ ಅಪ್‌ಡೇಟ್ ಬಂದು ಇಳಿದೂ ಇರುತ್ತದೆ, ಯಾರೂ ರೀಸ್ಟಾರ್ಟ್ ಮಾಡದ ಕಾರಣಕ್ಕೆ ಸುಮ್ಮನೆ ಕೂತಿರುತ್ತದೆ.

ಯಾವ ಭಾಗ ಯಾರ ಕೈಯಲ್ಲಿದೆ, ಅದನ್ನು ಹೇಗೆ ಹೊಸದು ಮಾಡುವುದು, ಎಲ್ಲಿ ಎಡವುತ್ತೇವೆ, ಕೊನೆಗೂ ನಮ್ಮ ಕೈಗೆ ಸಿಗದೆ ಉಳಿಯುವುದೇನು ಎಂಬುದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲು, ಯಾವ ಪದರ ಯಾರದ್ದು

ಫೋನಿನ ತಂತ್ರಾಂಶ ಪದರ ಪದರವಾಗಿ ಕೂತಿದೆ. ತೀರ ಕೆಳಗೆ ಮೋಡೆಮ್, ಕ್ಯಾಮೆರಾ, ಗ್ರಾಫಿಕ್ಸ್ ಚಿಪ್‌ಗಳನ್ನು ನಡೆಸುವ ಫರ್ಮ್‌ವೇರ್ ಮತ್ತು ಡ್ರೈವರ್‌ಗಳಿವೆ. ಹಾರ್ಡ್‌ವೇರಿಗೂ ಉಳಿದ ತಂತ್ರಾಂಶಕ್ಕೂ ನಡುವೆ ನಿಂತು ಮಾತಾಡಿಸುವ ಭಾಗಗಳು ಇವು. ಅವುಗಳ ಜೊತೆಗೇ ಲಿನಕ್ಸ್ ಕರ್ನಲ್ ಇದೆ. ಮೆಮೊರಿ, ಪ್ರೊಸೆಸರ್ ಯಾರಿಗೆ ಎಷ್ಟು ಎಂದು ಹಂಚುವ ತಿರುಳು ಭಾಗ ಅದು. ಇವೆರಡೂ ಚಿಪ್ ತಯಾರಕರು ಮತ್ತು ಫೋನ್ ಕಂಪನಿಯ ಕೈಯಲ್ಲಿವೆ. ಅದರ ಮೇಲೆ ಆಂಡ್ರಾಯ್ಡ್ ಎಂದು ನಾವು ಕರೆಯುವ ಸಿಸ್ಟಮ್. ಅದೂ ಕಂಪನಿಯಿಂದಲೇ ಬರಬೇಕು.

ಆದರೆ ಆ ಸಿಸ್ಟಮ್‌ನ ಒಳಗಿಂದಲೇ ಕೆಲವು ಭಾಗಗಳನ್ನು ಗೂಗಲ್ ಬೇರ್ಪಡಿಸಿ ತನ್ನ ಕೈಗೆ ತೆಗೆದುಕೊಂಡಿದೆ. ಇದರ ಹಿಂದೆ ಒಂದು ಪಾಠವಿದೆ. 2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬಯಲಾಯಿತು. ವಿಡಿಯೋ, ಆಡಿಯೋ ಓದುವ ಲೈಬ್ರರಿಯಲ್ಲಿ, ಅಂದರೆ ಬೇರೆ ಬೇರೆ ಆ್ಯಪ್‌ಗಳು ಹಂಚಿಕೊಂಡು ಬಳಸುವ ಕೋಡ್‌ನ ಕಟ್ಟಿನಲ್ಲಿ ಇದ್ದ ತೂತು ಅದು. ಒಂದು ಎಂಎಂಎಸ್ ಕಳಿಸಿದರೆ ಸಾಕು, ಫೋನಿನೊಳಗೆ ನುಗ್ಗಬಹುದಿತ್ತು. ತಿದ್ದುಪಡಿ ಸಿದ್ಧವಾದರೂ ಅದನ್ನು ಜನರಿಗೆ ತಲುಪಿಸುವುದು ಕಷ್ಟವಾಯಿತು. ಒಂದು ಲೈಬ್ರರಿ ಬದಲಿಸಲು ಇಡೀ ಸಿಸ್ಟಮ್ಮನ್ನೇ ಮತ್ತೆ ಕಟ್ಟಿ, ಪ್ರತಿ ಕಂಪನಿಯೂ ಪ್ರತಿ ಮಾಡೆಲ್ಲಿಗೂ ಪರೀಕ್ಷಿಸಿ ಬಿಡಬೇಕಿತ್ತು. ಗೂಗಲ್ ತಿಂಗಳಿಗೊಮ್ಮೆ ಭದ್ರತಾ ಪ್ರಕಟಣೆ ಹೊರಡಿಸುವ ಪದ್ಧತಿ ಆ ವರ್ಷದ ಆಗಸ್ಟ್‌ನಲ್ಲೇ ಶುರುವಾದದ್ದು.

2017ರ ಆಂಡ್ರಾಯ್ಡ್ 8ರಲ್ಲಿ ಬಂದ ಟ್ರೆಬಲ್ ಯೋಜನೆ ಚಿಪ್‌ಗೆ ಸೇರಿದ ಭಾಗವನ್ನೂ ಆಂಡ್ರಾಯ್ಡ್ ಭಾಗವನ್ನೂ ಬೇರೆ ಮಾಡಿತು. 2019ರ ಆಂಡ್ರಾಯ್ಡ್ 10ರಲ್ಲಿ ಬಂದ ಮೇನ್‌ಲೈನ್ ಯೋಜನೆ ಇನ್ನೂ ಮುಂದೆ ಹೋಯಿತು. ವಿಡಿಯೋ ಬಿಡಿಸುವ ಕೋಡೆಕ್‌ಗಳು, ಜಾಲತಾಣದ ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್, ಸುರಕ್ಷಿತ ಸಂಪರ್ಕ ಕಟ್ಟುವ ಕಾನ್‌ಸ್ಕ್ರಿಪ್ಟ್, ದೇಶ ದೇಶಗಳ ಸಮಯ ವಲಯದ ಮಾಹಿತಿ, ಹೀಗೆ ಒಂದೊಂದನ್ನೂ ಬಿಡಿ ಬಿಡಿ ಪೊಟ್ಟಣ ಮಾಡಿತು. ಪಂಪ್‌ಸೆಟ್ಟಿನ ಮೋಟರ್ ಮೇಲೆತ್ತದೆ ಸ್ಟಾರ್ಟರ್ ಮಾತ್ರ ಬದಲಿಸಿದ ಹಾಗೆ. ಈ ಪೊಟ್ಟಣಗಳು ಗೂಗಲ್‌ನಿಂದ ನೇರವಾಗಿ ನಿಮ್ಮ ಫೋನಿಗೆ ಬರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಇದರ ಹೆಸರು ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’.

ಇಂಥ ಒಂದೊಂದು ಪೊಟ್ಟಣವನ್ನೂ ಅಪೆಕ್ಸ್ ಎನ್ನುತ್ತಾರೆ. ಆ್ಯಪ್‌ಗಳ ಎಪಿಕೆ ಫೈಲ್ ನಿಮಗೆ ಗೊತ್ತಿರಬಹುದು. ಅಪೆಕ್ಸ್ ಅದರ ಹತ್ತಿರದ ನೆಂಟ. ವ್ಯತ್ಯಾಸವೆಂದರೆ ಆ್ಯಪ್‌ಗಳು ಏಳುವುದು ಫೋನ್ ಪೂರ್ತಿ ಆನ್ ಆದ ಮೇಲೆ, ಅಪೆಕ್ಸ್ ಏಳುವುದು ಬೂಟ್ ಆಗುವ ಶುರುವಿನಲ್ಲೇ. ಅದರೊಳಗೆ ಒಂದು ಪುಟ್ಟ ಡಿಸ್ಕ್ ಇಮೇಜ್, ಅಂದರೆ ಡಿಸ್ಕಿನಂತೆ ಜೋಡಿಸಿಕೊಳ್ಳಬಹುದಾದ ಫೈಲ್ ಇರುತ್ತದೆ. ಫೋನ್ ಆನ್ ಆಗುವಾಗ ಅದರ ಸಹಿ ಪರೀಕ್ಷಿಸಿ, ಸರಿಯಿದ್ದರೆ ಜೋಡಿಸಿಕೊಳ್ಳುತ್ತದೆ. ಫ್ಯಾಕ್ಟರಿಯಲ್ಲಿ ಬಂದ ಹಳೆಯ ಪ್ರತಿ ಸಿಸ್ಟಮ್ ವಿಭಾಗದಲ್ಲಿ ಹಾಗೆಯೇ ಉಳಿದಿರುತ್ತದೆ, ಹೊಸ ಪ್ರತಿ ಡೇಟಾ ವಿಭಾಗದಲ್ಲಿ ಕೂರುತ್ತದೆ. ಹೊಸದರಿಂದ ಫೋನ್ ಬೂಟ್ ಆಗದೆ ತೊಡಕಾದರೆ ಹಳೆಯದಕ್ಕೇ ಮರಳುವ ವ್ಯವಸ್ಥೆಯೂ ಇದೆ.

ಈ ವಿವರದಿಂದ ಎರಡು ಮಾತು ನೆನಪಿಡಿ. ರೀಸ್ಟಾರ್ಟ್ ಆಗದ ಹೊರತು ಹೊಸ ಪೊಟ್ಟಣ ಜಾರಿಗೆ ಬರುವುದಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಡೇಟಾ ವಿಭಾಗದ ಜೊತೆಗೆ ಹೊಸ ಪೊಟ್ಟಣಗಳೂ ಅಳಿಸಿಹೋಗಿ, ಕಂಪನಿ ಕೊಟ್ಟ ಹಳೆಯ ಪ್ರತಿಗಳೇ ಮತ್ತೆ ಬರುತ್ತವೆ.

ಏನೇನು ಬೇಕು

ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸತು ಇರಬೇಕು. ಕಡಿಮೆ ಮೆಮೊರಿಯ ಅಗ್ಗದ ಫೋನುಗಳಲ್ಲಿ ಬರುವ ‘ಗೋ’ ಆವೃತ್ತಿಯಾದರೆ ಆಂಡ್ರಾಯ್ಡ್ 13 ಬೇಕು, ಗೋ ಫೋನುಗಳಿಗೆ ಪ್ಲೇ ಸಿಸ್ಟಮ್ ಅಪ್‌ಡೇಟ್ ಸೌಲಭ್ಯ ಬಂದದ್ದೇ ಆಗ. ಫೋನಿನಲ್ಲಿ ಗೂಗಲ್ ಖಾತೆ ಇರಬೇಕು. ಎರಡು ಜಿಬಿಯಾದರೂ ಜಾಗ ಖಾಲಿ ಮಾಡಿಕೊಳ್ಳಿ, ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ. ಫೋಟೋಗಳ ಬ್ಯಾಕಪ್ ಇದೆಯೇ ಎಂದು ಒಮ್ಮೆ ನೋಡಿ. ಈ ಕೊನೆಯದನ್ನು ಸುಮ್ಮನೆ ಹೇಳುತ್ತಿಲ್ಲ, ಕಾರಣ 4ನೇ ಹಂತದಲ್ಲಿದೆ.

ಹಂತ 1: ಮೂರು ಸಾಲು ಬರೆದುಕೊಳ್ಳಿ

ಸೆಟ್ಟಿಂಗ್ಸ್ ತೆರೆದು ‘ಅಬೌಟ್ ಫೋನ್’ಗೆ ಹೋಗಿ, ‘ಆಂಡ್ರಾಯ್ಡ್ ವರ್ಷನ್’ ಮುಟ್ಟಿ. ಬಹಳಷ್ಟು ಫೋನುಗಳಲ್ಲಿ ಅಲ್ಲಿ ಮೂರು ಸಾಲು ಕಾಣುತ್ತದೆ. ಒಂದು ಆಂಡ್ರಾಯ್ಡ್ ಆವೃತ್ತಿ, ಉದಾಹರಣೆಗೆ 12. ಎರಡನೆಯದು ‘ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್’, ಪಕ್ಕದಲ್ಲೊಂದು ದಿನಾಂಕ. ಮೂರನೆಯದು ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’, ಅದಕ್ಕೂ ಒಂದು ದಿನಾಂಕ. ಒಂದು ಚೀಟಿಯಲ್ಲಿ ಬರೆದಿಡಿ, ಇಲ್ಲವೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಎರಡು ದಿನಾಂಕಗಳಿಗೆ ಅರ್ಥ ಬೇರೆ. ‘ಸೆಕ್ಯುರಿಟಿ ಅಪ್‌ಡೇಟ್’ ದಿನಾಂಕ ಕಂಪನಿ ಕೊನೆಯದಾಗಿ ಕೊಟ್ಟ ತಿದ್ದುಪಡಿ ಯಾವ ತಿಂಗಳದ್ದೆಂದು ಹೇಳುತ್ತದೆ. ‘ಪ್ಲೇ ಸಿಸ್ಟಮ್’ ದಿನಾಂಕ ಗೂಗಲ್‌ನಿಂದ ನೇರ ಬಂದ ಪೊಟ್ಟಣಗಳದ್ದು. ಮೊದಲನೆಯದು 2022ರಲ್ಲೇ ನಿಂತಿದ್ದರೂ ಎರಡನೆಯದು ಮುಂದೆ ನಡೆದಿರಬಹುದು. ಎರಡೂ ಒಂದೇ ಹಳೆಯ ತಿಂಗಳಲ್ಲಿ ನಿಂತಿದ್ದರೆ, ಮುಂದಿನ ಹಂತಗಳಲ್ಲಿ ನಿಮಗೆ ಕೆಲಸವಿದೆ.

ಫೋನಿನಲ್ಲಿ ಈ ಸಾಲುಗಳು ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕು ಪಟ್ಟಿಯಲ್ಲಿ ‘ಪ್ಲೇ ಸಿಸ್ಟಮ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಕಂಪನಿಯಿಂದ ಕಂಪನಿಗೆ ಮೆನು ಬದಲಾಗುತ್ತದೆ, ಹುಡುಕು ಪಟ್ಟಿ ಎಲ್ಲದರಲ್ಲೂ ಇರುತ್ತದೆ.

ಹಂತ 2: ಪ್ಲೇ ಸ್ಟೋರ್ ಮತ್ತು ಪ್ಲೇ ಸರ್ವಿಸಸ್

ಗೂಗಲ್‌ನಿಂದ ಉಳಿದ ಅಪ್‌ಡೇಟ್‌ಗಳು ಬರುವ ಬಾಗಿಲೇ ಪ್ಲೇ ಸ್ಟೋರ್. ಹಾಗಾಗಿ ಅದರಿಂದ ಶುರು. ಪ್ಲೇ ಸ್ಟೋರ್ ತೆರೆದು ಮೇಲಿನ ಮೂಲೆಯ ನಿಮ್ಮ ಚಿತ್ರ ಮುಟ್ಟಿ, ‘ಸೆಟ್ಟಿಂಗ್ಸ್’, ಅದರೊಳಗೆ ‘ಅಬೌಟ್’ ತೆರೆಯಿರಿ. ಅಲ್ಲಿ ‘ಅಪ್‌ಡೇಟ್ ಪ್ಲೇ ಸ್ಟೋರ್’ ಎಂಬ ಸಾಲಿದೆ, ಒತ್ತಿ.

ಅದೇ ಪುಟದ ಕೆಳಗೆ ‘ಪ್ಲೇ ಪ್ರೊಟೆಕ್ಟ್ ಸರ್ಟಿಫಿಕೇಶನ್’ ಎಂದಿರುತ್ತದೆ. ‘ಡಿವೈಸ್ ಈಸ್ ಸರ್ಟಿಫೈಡ್’ ಎಂದಿದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ನಿಮ್ಮ ಸಾಧನ ಗೂಗಲ್‌ನ ಪರೀಕ್ಷೆ ದಾಟಿದ್ದಲ್ಲ ಎಂದರ್ಥ. ಅಗ್ಗಕ್ಕೆ ಸಿಗುವ, ಹೆಸರು ಕೇಳದ ಟಿವಿ ಬಾಕ್ಸ್‌ಗಳಲ್ಲಿ ಇದು ಸಾಮಾನ್ಯ. ಅವುಗಳ ಮೇಲೆ ಈ ಮಾರ್ಗದರ್ಶಿ ಅಷ್ಟಾಗಿ ಕೆಲಸ ಮಾಡದು. ಅಂಥ ಬಾಕ್ಸಿನಲ್ಲಿ ಬ್ಯಾಂಕ್ ಖಾತೆಗೆ ಸೇರಿದ ಇಮೇಲ್ ಹಾಕಬೇಡಿ ಎಂಬುದು ನನ್ನ ಖಡಾಖಂಡಿತ ಸಲಹೆ.

ನಂತರ ಪ್ಲೇ ಸರ್ವಿಸಸ್. ಇದು ಪ್ಲೇ ಸ್ಟೋರ್ ಅಲ್ಲ. ಲೊಕೇಶನ್, ಲಾಗಿನ್, ನೋಟಿಫಿಕೇಶನ್, ಕೆಟ್ಟ ಆ್ಯಪ್ ಹಿಡಿಯುವ ಪ್ಲೇ ಪ್ರೊಟೆಕ್ಟ್, ಕಳೆದ ಫೋನ್ ಹುಡುಕುವುದು, ಇವೆಲ್ಲದರ ಹಿಂದೆ ಸದ್ದಿಲ್ಲದೆ ಓಡುವ ಆ್ಯಪ್. ಭಾರತದ ಫೋನುಗಳಿಗೆ 2023ರಲ್ಲಿ ಭೂಕಂಪದ ಮುನ್ನೆಚ್ಚರಿಕೆ ಬಂದದ್ದು ಇದರ ಮೂಲಕವೇ. ಅದಕ್ಕಾಗಿ ಯಾವ ಕಂಪನಿಯೂ ಸಿಸ್ಟಮ್ ಅಪ್‌ಡೇಟ್ ಕೊಡಬೇಕಾಗಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್’ಗೆ ಹೋಗಿ, ಎಲ್ಲ ಆ್ಯಪ್‌ಗಳ ಪಟ್ಟಿಯಲ್ಲಿ ‘ಗೂಗಲ್ ಪ್ಲೇ ಸರ್ವಿಸಸ್’ ಮುಟ್ಟಿ, ಕೆಳಗೆ ಜಾರಿಸಿ ‘ಆ್ಯಪ್ ಡೀಟೇಲ್ಸ್’ ಒತ್ತಿ. ಪ್ಲೇ ಸ್ಟೋರ್‌ನಲ್ಲಿ ಅದರ ಪುಟ ತೆರೆಯುತ್ತದೆ. ‘ಅಪ್‌ಡೇಟ್’ ಎಂಬ ಗುಂಡಿ ಕಂಡರೆ ಒತ್ತಿ, ಕಾಣದಿದ್ದರೆ ಹೊಸದೇ ಇದೆ ಎಂದರ್ಥ.

ಇಲ್ಲೇ ಇನ್ನೊಂದು ಕೆಲಸ ಮುಗಿಸಿಬಿಡಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ ‘ನೆಟ್‌ವರ್ಕ್ ಪ್ರಿಫರೆನ್ಸಸ್’ನಲ್ಲಿ ಆ್ಯಪ್‌ಗಳು ತಾವಾಗಿ ಅಪ್‌ಡೇಟ್ ಆಗುವುದು ವೈ-ಫೈ ಇದ್ದಾಗ ಮಾತ್ರವೋ, ಯಾವ ನೆಟ್‌ವರ್ಕ್ ಆದರೂ ಸರಿಯೋ ಎಂಬ ಆಯ್ಕೆಯಿದೆ. ನಮ್ಮ ಊರುಗಳ ಕಡೆ ಎಷ್ಟೋ ಮನೆಗಳಲ್ಲಿ ವೈ-ಫೈ ಇಲ್ಲ, ಇರುವುದು ಸಿಮ್ಮಿನ ದಿನದ ಡೇಟಾ ಪ್ಯಾಕ್ ಒಂದೇ. ಅಂಥ ಫೋನಿನಲ್ಲಿ ‘ವೈ-ಫೈ ಮಾತ್ರ’ ಎಂದಿದ್ದರೆ ಯಾವ ಆ್ಯಪ್ಪೂ ತಾನಾಗಿ ಅಪ್‌ಡೇಟ್ ಆಗುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಅಪ್ಪ-ಅಮ್ಮನ ಫೋನಿನಲ್ಲಿ ಮೊದಲು ನೋಡಬೇಕಾದ ಜಾಗ ಇದು. ಡೇಟಾ ಸಾಲದು ಎನಿಸಿದರೆ ಆಯ್ಕೆ ಬದಲಿಸಬೇಡಿ. ಅದರ ಬದಲು ಈ ಲೇಖನದಲ್ಲಿ ಹೇಳಿದ ನಾಲ್ಕೈದು ಹೆಸರುಗಳನ್ನಷ್ಟೇ ತಿಂಗಳಿಗೊಮ್ಮೆ ಕೈಯಾರೆ ಅಪ್‌ಡೇಟ್ ಮಾಡಿ. ದಿನದ ಪ್ಯಾಕ್ ಮುಗಿಯುವ ಮುನ್ನ, ರಾತ್ರಿ ಉಳಿದ ಡೇಟಾದಲ್ಲಿ ಇದು ಆಗುವ ಕೆಲಸ.

ಹಂತ 3: ವೆಬ್‌ವ್ಯೂ ಮತ್ತು ಕ್ರೋಮ್

ಹೊಸಬರು ಅತಿ ಹೆಚ್ಚು ನಿರ್ಲಕ್ಷಿಸುವ, ನನ್ನ ಲೆಕ್ಕದಲ್ಲಿ ಅತಿ ಮುಖ್ಯವಾದ ಭಾಗ ಇದು. ಪೇಮೆಂಟ್ ಆ್ಯಪ್ ಒಳಗೇ ಬ್ಯಾಂಕಿನ ಪುಟ ತೆರೆಯುತ್ತದಲ್ಲ, ರೈಲು ಟಿಕೆಟ್ ಆ್ಯಪ್ ಒಳಗೇ ಹಣ ಕಟ್ಟುವ ಪುಟ ಬರುತ್ತದಲ್ಲ, ಆ ಪುಟಗಳನ್ನು ಸಾಮಾನ್ಯವಾಗಿ ತೋರಿಸುವುದು ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’. ಒಂದು ಪುಟ್ಟ ಬ್ರೌಸರನ್ನು ಆ್ಯಪ್‌ಗಳು ಎರವಲು ಪಡೆಯುತ್ತವೆ ಎಂದುಕೊಳ್ಳಿ. ಇಂಟರ್‌ನೆಟ್ಟಿನಿಂದ ಬರುವ ಅಪರಿಚಿತ ಸಾಮಗ್ರಿಯನ್ನೆಲ್ಲ ಮೊದಲು ಮುಟ್ಟುವುದು ಇದೇ, ಹಾಗಾಗಿ ತೂತು ಹುಡುಕುವವರ ಕಣ್ಣೂ ಇದರ ಮೇಲೆಯೇ. 2014ರ ಆಂಡ್ರಾಯ್ಡ್ 5ರಿಂದಲೇ ಇದನ್ನು ಸಿಸ್ಟಮ್‌ನಿಂದ ಬಿಡಿಸಿ ಪ್ಲೇ ಸ್ಟೋರ್ ಮೂಲಕ ಕೊಡುವ ವ್ಯವಸ್ಥೆ ಬಂತು.

ಪ್ಲೇ ಸ್ಟೋರ್‌ನಲ್ಲಿ ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಹುಡುಕಿ ಅಪ್‌ಡೇಟ್ ಮಾಡಿ. ಜೊತೆಗೇ ಕ್ರೋಮ್ ಕೂಡ ಮಾಡಿ. ಆಂಡ್ರಾಯ್ಡ್ 7ರಿಂದ 9ರವರೆಗಿನ ಫೋನುಗಳಲ್ಲಿ ವೆಬ್‌ವ್ಯೂ ಕೆಲಸವನ್ನು ಕ್ರೋಮ್ ತಾನೇ ಮಾಡುತ್ತದೆ. 10ರಿಂದ ಮುಂದೆ ಎರಡೂ ಬೇರೆ ಬೇರೆ ಆ್ಯಪ್, ಆದರೂ ಒಳಗಿನ ಲೈಬ್ರರಿ ಹಂಚಿಕೊಳ್ಳುತ್ತವೆ.

ಸರಿಯಾಯಿತೇ ಎಂದು ನೋಡುವುದು ಹೀಗೆ: ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಕ್ರೋಮ್’ ತೆರೆದರೆ ನಾಲ್ಕು ಭಾಗದ ಉದ್ದನೆಯ ಸಂಖ್ಯೆ ಸಿಗುತ್ತದೆ. ವೆಬ್‌ವ್ಯೂನ ಆ್ಯಪ್ ಪುಟದ ತುದಿಯಲ್ಲೂ ಅಂಥದ್ದೇ ಒಂದು ಸಂಖ್ಯೆ. ಮೊದಲ ಚುಕ್ಕೆಗೆ ಮುಂಚಿನ ಅಂಕಿ ಎರಡರಲ್ಲೂ ಒಂದೇ ಇರಬೇಕು, ಹೆಚ್ಚೆಂದರೆ ಒಂದರ ಅಂತರವಿರಬಹುದು. ವೆಬ್‌ವ್ಯೂ ಹತ್ತಿಪ್ಪತ್ತು ಆವೃತ್ತಿ ಹಿಂದೆ ಬಿದ್ದಿದ್ದರೆ ಯಾರೋ ಅದನ್ನು ನಿಷ್ಕ್ರಿಯಗೊಳಿಸಿದ್ದಾರೆ, ಇಲ್ಲವೇ ಅದರ ಅಪ್‌ಡೇಟ್ ಅಳಿಸಿದ್ದಾರೆ.

ಅಳಿಸುವವರು ಯಾರು ಎಂದು ನೀವು ಕೇಳಬಹುದು. 2021ರ ಮಾರ್ಚ್ 22-23ರಂದು ವೆಬ್‌ವ್ಯೂನಲ್ಲಿದ್ದ ದೋಷದಿಂದ ಜಗತ್ತಿನಾದ್ಯಂತ ಜಿಮೇಲ್ ಸೇರಿ ಹಲವು ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿದವು. ಆಗ ಎಲ್ಲ ಕಡೆ ಹರಡಿದ ಉಪಾಯ, ವೆಬ್‌ವ್ಯೂ ಪುಟಕ್ಕೆ ಹೋಗಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಒತ್ತುವುದು. ಆ ಹೊತ್ತಿಗೆ ಅದು ಕೆಲಸ ಮಾಡಿತು. ಗೂಗಲ್ ಬೇಗನೆ ಸರಿಪಡಿಸಿದ ವೆಬ್‌ವ್ಯೂ ಮತ್ತು ಕ್ರೋಮ್ ಬಿಟ್ಟಿತು, ಅದೂ ಪ್ಲೇ ಸ್ಟೋರ್ ಮೂಲಕವೇ, ಯಾವ ಕಂಪನಿಯ ಸಿಸ್ಟಮ್ ಅಪ್‌ಡೇಟಿಗೂ ಕಾಯದೆ. ಹೀಗೆ ತಾತ್ಕಾಲಿಕವಾಗಿ ಅಳಿಸಿದವರು ಮತ್ತೆ ಹಾಕಿಕೊಳ್ಳುವುದನ್ನು ಮರೆತರೆ, ಫೋನಿನ ಜೊತೆ ಬಂದ ಹಳೆಯ ವೆಬ್‌ವ್ಯೂನಲ್ಲೇ ಬ್ಯಾಂಕಿನ ಪುಟ ತೆರೆಯುತ್ತಿರುತ್ತಾರೆ.

2025ರಲ್ಲಿ ಬಂದ ಕ್ರೋಮ್ 139ರಿಂದ ಆಂಡ್ರಾಯ್ಡ್ 10 ಕಡ್ಡಾಯವಾಗಿದೆ. ಆಂಡ್ರಾಯ್ಡ್ 8 ಮತ್ತು 9 ಇರುವ ಫೋನುಗಳಿಗೆ 138 ಕೊನೆಯದು. ನಿಮ್ಮದು ಆ ಗುಂಪಿನದ್ದಾದರೆ 4ನೇ ಹಂತ ನಿಮಗೆ ಅನ್ವಯಿಸುವುದಿಲ್ಲ, 5ನೇ ಹಂತ ನೋಡಿಕೊಂಡು ‘ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹಳೆಯದಾದರೆ’ ಎಂಬ ಭಾಗಕ್ಕೆ ಹೋಗಿ.

ಹಂತ 4: ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್

ಈಗ ಅಪೆಕ್ಸ್ ಪೊಟ್ಟಣಗಳ ಸರದಿ. ‘ಸೆಕ್ಯುರಿಟಿ ಆ್ಯಂಡ್ ಪ್ರೈವಸಿ’ ಒಳಗೆ ‘ಸಿಸ್ಟಮ್ ಆ್ಯಂಡ್ ಅಪ್‌ಡೇಟ್ಸ್’, ಅಥವಾ ಬರೀ ‘ಅಪ್‌ಡೇಟ್ಸ್’ ಎಂದಿರುವಲ್ಲಿ ಇದು ಸಿಗುತ್ತದೆ. ಕೆಲವು ಫೋನುಗಳಲ್ಲಿ ‘ಸಿಸ್ಟಮ್’ ಒಳಗಿನ ‘ಸಾಫ್ಟ್‌ವೇರ್ ಅಪ್‌ಡೇಟ್ಸ್’ನಲ್ಲಿದೆ. ಮುಟ್ಟಿದರೆ ಪರೀಕ್ಷೆ ನಡೆದು, ಹೊಸದಿದ್ದರೆ ‘ಡೌನ್‌ಲೋಡ್ ಆ್ಯಂಡ್ ಇನ್‌ಸ್ಟಾಲ್’ ಬರುತ್ತದೆ. ಇಳಿದು ಮುಗಿದ ಮೇಲೆ ‘ರೀಸ್ಟಾರ್ಟ್ ನೌ’ ಎನ್ನುತ್ತದೆ. ಒತ್ತಿ. ‘ಆಮೇಲೆ ನೋಡೋಣ’ ಎಂದು ಬಿಟ್ಟರೆ ಇಳಿದದ್ದೆಲ್ಲ ವ್ಯರ್ಥ. ಪವರ್ ಗುಂಡಿ ಒತ್ತಿ ಪರದೆ ಆರಿಸುವುದು ರೀಸ್ಟಾರ್ಟ್ ಅಲ್ಲ ಎಂದು ಹಿರಿಯರಿಗೆ ತಿಳಿಸಿ ಹೇಳಬೇಕಾಗುತ್ತದೆ. ಎಷ್ಟೋ ಜನ ಫೋನನ್ನು ತಿಂಗಳುಗಟ್ಟಲೆ ಆಫ್ ಮಾಡಿಯೇ ಇರುವುದಿಲ್ಲ.

ಬಹಳ ದಿನ ಹಾಗೇ ಬಿಟ್ಟಿದ್ದ ಫೋನಾದರೆ ಒಂದು ಸಲ ರೀಸ್ಟಾರ್ಟ್ ಆದ ಮೇಲೆ ಮತ್ತೆ ಅದೇ ಪುಟಕ್ಕೆ ಬಂದು ಪರೀಕ್ಷಿಸಿ. ಇನ್ನೊಂದು ಕಂತು ಕಾದಿರಬಹುದು.

ಇದರಿಂದ ಸಿಗುವುದೇನು? ವಿಡಿಯೋ ಕೋಡೆಕ್‌ಗಳ ತೂತುಗಳು ಮುಚ್ಚುತ್ತವೆ, ಸ್ಟೇಜ್‌ಫ್ರೈಟ್ ಮಾದರಿಯ ದಾಳಿಗೆ ಇದೇ ಉತ್ತರ. ಆಂಡ್ರಾಯ್ಡ್ 12 ಅಥವಾ ಹೊಸದಾಗಿದ್ದರೆ ಆ್ಯಪ್‌ಗಳನ್ನು ಓಡಿಸುವ ಎಂಜಿನ್ ಆದ ಎಆರ್‌ಟಿ ಕೂಡ ಹೀಗೆಯೇ ಹೊಸದಾಗುತ್ತದೆ. ಆಂಡ್ರಾಯ್ಡ್ 14ರಿಂದ ಮುಂದೆ ಯಾವ ಜಾಲತಾಣದ ಪ್ರಮಾಣಪತ್ರ (ಜಾಲತಾಣ ಅಸಲಿ ಎಂದು ಹೇಳುವ ಗುರುತು) ನಂಬಬೇಕು ಎಂಬ ಮೂಲ ಪಟ್ಟಿಯೂ ಸೇರಿದೆ. ಕಣ್ಣಿಗೆ ಕಾಣುವ ಬದಲಾವಣೆಯೂ ಉಂಟು. ಆ್ಯಪ್‌ಗೆ ಇಡೀ ಗ್ಯಾಲರಿ ತೆರೆದಿಡದೆ ಒಂದೆರಡು ಫೋಟೋ ಮಾತ್ರ ಆರಿಸಿ ಕೊಡುವ ‘ಫೋಟೋ ಪಿಕರ್’ ಆಂಡ್ರಾಯ್ಡ್ 13ರ ಹೊಸ ಸೌಲಭ್ಯ. ಅದು 11 ಮತ್ತು 12ರ ಫೋನುಗಳಿಗೂ ಹಿಂದಕ್ಕೆ ತಲುಪಿದ್ದು ಈ ದಾರಿಯಲ್ಲೇ. ಸಮಯ ವಲಯದ ಮಾಹಿತಿಯಿಂದ ಭಾರತದಲ್ಲಿರುವ ನಮಗೆ ಲಾಭ ಕಾಣದು, ನಮ್ಮಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿಯಿಲ್ಲ. ಹೊರದೇಶದ ಕನ್ನಡಿಗರಿಗೆ ಕಾಣುತ್ತದೆ. 2022ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋ ಬೇಸಿಗೆ ಸಮಯ ಕೈಬಿಟ್ಟಿತು, 2023ರಲ್ಲಿ ಈಜಿಪ್ಟ್ ಮತ್ತೆ ತಂದಿತು. ಮಾಹಿತಿ ಹೊಸದಾಗದ ಫೋನು ಅಂಥಲ್ಲಿ ಒಂದು ಗಂಟೆ ತಪ್ಪು ತೋರಿಸುತ್ತದೆ, ಅಲಾರಾಂ ಕೂಡ ತಪ್ಪಿದ ಗಂಟೆಗೆ ಹೊಡೆಯುತ್ತದೆ.

ಇಲ್ಲಿ ಎರಡು ಎಚ್ಚರಿಕೆ.

ಒಂದು, ದಿನಾಂಕ ಕದಲದಿರುವುದು. ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡಿದರೂ ಹಳೆಯ ತಿಂಗಳೇ ತೋರಿಸುತ್ತದೆ ಎಂಬ ದೂರು ಸಾಮಾನ್ಯ. ಆ ದಿನಾಂಕ ನೀವು ಇನ್‌ಸ್ಟಾಲ್ ಮಾಡಿದ ದಿನವಲ್ಲ, ಆ ಕಂತಿಗೆ ಗೂಗಲ್ ಕೊಟ್ಟ ಗುರುತು. ಹೊಸ ಕಂತು ಎಲ್ಲರಿಗೂ ಒಂದೇ ದಿನ ಬಿಡುವುದಿಲ್ಲ, ಸ್ವಲ್ಪ ಸ್ವಲ್ಪ ಜನರಿಗೆ ಹಂತವಾಗಿ ಬಿಡುತ್ತಾರೆ. 2ನೇ ಹಂತ ಸರಿಯಾಗಿ ಮಾಡಿದ್ದೀರಾ, ಜಾಗ ಖಾಲಿ ಇದೆಯಾ ಎಂದು ನೋಡಿ, ವಾರ ಬಿಟ್ಟು ಮತ್ತೆ ಪ್ರಯತ್ನಿಸಿ. ದಿನಾಂಕ ಮುಂದೆ ಹೋಗಲಿಲ್ಲವೆಂದು ಫ್ಯಾಕ್ಟರಿ ರೀಸೆಟ್ ಮಾಡಬೇಡಿ. ಮೊದಲೇ ಹೇಳಿದಂತೆ ಅದರಿಂದ ಇನ್ನೂ ಹಿಂದಕ್ಕೆ ಹೋಗುತ್ತೀರಿ.

ಎರಡು, ಬ್ಯಾಕಪ್. 2024ರ ಜನವರಿಯ ಪ್ಲೇ ಸಿಸ್ಟಮ್ ಅಪ್‌ಡೇಟ್ ಆದ ಮೇಲೆ ಗೂಗಲ್‌ನದೇ ಕೆಲವು ಪಿಕ್ಸೆಲ್ ಫೋನುಗಳಲ್ಲಿ ಒಳಗಿನ ಸಂಗ್ರಹವೇ ತೆರೆಯದೆ ಹೋಯಿತು. ಕ್ಯಾಮೆರಾ ಏಳುತ್ತಿರಲಿಲ್ಲ, ಸ್ಕ್ರೀನ್‌ಶಾಟ್ ಉಳಿಯುತ್ತಿರಲಿಲ್ಲ. ಪರಿಹಾರ ನಂತರ ಬಂತು, ಆದರೆ ಅಷ್ಟರಲ್ಲಿ ಹೆದರಿ ರೀಸೆಟ್ ಮಾಡಿದವರು ಫೋಟೋ ಕಳೆದುಕೊಂಡರು. ಬೂಟ್ ಆಗದಿದ್ದರೆ ಹಿಂದಕ್ಕೆ ಮರಳುವ ವ್ಯವಸ್ಥೆ ಇಂಥ ಅರ್ಧಂಬರ್ಧ ತೊಂದರೆಯನ್ನು ಗುರುತಿಸಲಾರದು. ಪರೀಕ್ಷೆ, ಮದುವೆ, ಪ್ರಯಾಣ ಏನಾದರೂ ಎದುರಿಗಿದ್ದರೆ ಅದು ಮುಗಿದ ಮೇಲೆ ಒತ್ತಿ. ವಾರ ತಡವಾದರೆ ನಷ್ಟವಿಲ್ಲ, ವರ್ಷ ತಡವಾದರೆ ಇದೆ.

ಹಂತ 5: ಕಂಪನಿಯ ಅಪ್‌ಡೇಟನ್ನೂ ಒಮ್ಮೆ ನೋಡಿ

‘ನಿಲ್ಲಿಸಿದ್ದಾರೆ’ ಎಂದು ಅಂದುಕೊಂಡವರ ಫೋನಿನಲ್ಲೂ ಒಂದೆರಡು ಅಪ್‌ಡೇಟ್ ಬಾಕಿ ಇರುವುದುಂಟು. ‘ಸಾಫ್ಟ್‌ವೇರ್ ಅಪ್‌ಡೇಟ್’ಗೆ ಹೋಗಿ ಪರೀಕ್ಷಿಸಿ, ಇದ್ದರೆ ಹಾಕಿಕೊಳ್ಳಿ. ಬೇರೆ ಯಾವ ದಾರಿಯಲ್ಲೂ ಬಾರದ ತಿದ್ದುಪಡಿಗಳು ಇದರಲ್ಲಿರುತ್ತವೆ.

ಹೇಗೆ ಎಂಬುದಕ್ಕೆ 2023ರ ಒಂದು ಉದಾಹರಣೆ ನೋಡಿ, ಇದಕ್ಕಿಂತ ಸ್ಪಷ್ಟವಾದದ್ದು ಸಿಗುವುದು ಕಷ್ಟ. ಆ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಎಂಬ ಚಿತ್ರ ಮಾದರಿಯನ್ನು ಓದುವ ಲೈಬ್ರರಿಯಲ್ಲಿ ಗಂಭೀರ ದೋಷ ಸಿಕ್ಕಿತು, ದಾಳಿಗೆ ಬಳಕೆಯೂ ಆಗುತ್ತಿತ್ತು. ಕ್ರೋಮ್ ತನ್ನ ಪ್ರತಿಯನ್ನು ತಕ್ಷಣ ಸರಿಪಡಿಸಿತು. ಆದರೆ ಅದೇ ಲೈಬ್ರರಿಯ ಇನ್ನೊಂದು ಪ್ರತಿ ಆಂಡ್ರಾಯ್ಡ್ ಸಿಸ್ಟಮ್‌ನೊಳಗೂ ಇತ್ತು. ಅದರ ತಿದ್ದುಪಡಿ ಅಕ್ಟೋಬರ್ ತಿಂಗಳ ಭದ್ರತಾ ಪ್ರಕಟಣೆಯಲ್ಲಿ ಬಂತು, ಅಂದರೆ ಕಂಪನಿಯ ಅಪ್‌ಡೇಟ್ ಮೂಲಕ. ಅದೇ ಪ್ರಕಟಣೆಯಲ್ಲಿ ಆರ್ಮ್ ಸಂಸ್ಥೆಯ ಮಾಲಿ ಗ್ರಾಫಿಕ್ಸ್ ಚಿಪ್‌ನ ಡ್ರೈವರ್ ದೋಷವೂ ಇತ್ತು, ಅದೂ ದಾಳಿಗೆ ಬಳಕೆಯಾಗುತ್ತಿದ್ದದ್ದೇ. ಅದಂತೂ ತೀರ ಕೆಳಗಿನ ಪದರ. ನೀವು ಪ್ಲೇ ಸ್ಟೋರ್‌ನಲ್ಲಿ ಎಷ್ಟೇ ಅಪ್‌ಡೇಟ್ ಒತ್ತಿದರೂ ಅಲ್ಲಿಗೆ ತಲುಪುವುದಿಲ್ಲ.

ಹಾಗಾಗಿ ‘ಸೆಕ್ಯುರಿಟಿ ಅಪ್‌ಡೇಟ್’ ದಿನಾಂಕವನ್ನು ಓದುವುದು ಕಲಿಯಿರಿ. ತಿಂಗಳ 1ನೇ ತಾರೀಖು ಎಂದಿದ್ದರೆ ಆ ತಿಂಗಳ ಆಂಡ್ರಾಯ್ಡ್ ಭಾಗದ ತಿದ್ದುಪಡಿಗಳು ಮಾತ್ರ ಸೇರಿವೆ. 5 ಎಂದಿದ್ದರೆ ಕರ್ನಲ್ ಮತ್ತು ಚಿಪ್ ಡ್ರೈವರ್‌ಗಳ ತಿದ್ದುಪಡಿಗಳೂ ಸೇರಿವೆ ಎಂದರ್ಥ. ಒಮ್ಮೊಮ್ಮೆ 6 ಎಂದಿರುವುದೂ ಉಂಟು, ಆ ಅಕ್ಟೋಬರ್‌ನಲ್ಲಿ ಹಾಗಿತ್ತು. ಒಂದೇ ತಿಂಗಳ ಎರಡು ಫೋನು ಎದುರಿಗಿದ್ದರೆ 5 ಎಂದಿರುವುದು ಹೆಚ್ಚು ಭದ್ರ.

ಎಡವುವ ಜಾಗಗಳು

ಎಲ್ಲಕ್ಕಿಂತ ದೊಡ್ಡದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್. ವಾಹನದ ದಂಡದ ಚಲನ್, ಮದುವೆಯ ಆಮಂತ್ರಣ, ಪಿಎಂ ಕಿಸಾನ್ ಹೆಸರಿನಲ್ಲಿ ಎಪಿಕೆ ಕಳಿಸಿ ಎಸ್‌ಎಂಎಸ್ ಕದ್ದು ಖಾತೆ ಖಾಲಿ ಮಾಡುವ ಜಾಲಗಳಿವೆ. ‘ಪ್ಲೇ ಸರ್ವಿಸಸ್ ಹೊಸ ಆವೃತ್ತಿ’, ‘ವೆಬ್‌ವ್ಯೂ ಅಪ್‌ಡೇಟ್’ ಎಂಬ ಹೆಸರಿನ ಫೈಲನ್ನೂ ಅದೇ ಅನುಮಾನದಿಂದ ನೋಡಿ. ಈ ಲೇಖನದಲ್ಲಿ ಹೇಳಿದ ಯಾವ ಭಾಗವೂ ವಾಟ್ಸ್‌ಆ್ಯಪ್ ಮೂಲಕ ಬರುವುದಿಲ್ಲ, ಲಿಂಕ್ ಒತ್ತಿ ಇಳಿಸುವಂಥದ್ದೂ ಅಲ್ಲ. ಬ್ರೌಸರ್‌ನಲ್ಲಿ ‘ನಿಮ್ಮ ಸಿಸ್ಟಮ್ ಹಳೆಯದಾಗಿದೆ, ಈಗಲೇ ಅಪ್‌ಡೇಟ್ ಮಾಡಿ’ ಎಂದು ಕಣ್ಣು ಮಿಟುಕಿಸುವ ಪುಟವೂ ಸುಳ್ಳೇ. ಅಂಥದ್ದನ್ನು ಹಾಕಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು.

ಇನ್ನೊಂದು, ಬ್ಯಾಟರಿ ಉಳಿಸಲೆಂದು ಅಥವಾ ಫೋನು ಹಗುರಾಗಲಿ ಎಂದು ಹೆಸರು ಗೊತ್ತಿಲ್ಲದ ಸಿಸ್ಟಮ್ ಆ್ಯಪ್‌ಗಳನ್ನೆಲ್ಲ ‘ಡಿಸೇಬಲ್’ ಮಾಡುವುದು. ‘ಕ್ಯಾರಿಯರ್ ಸರ್ವಿಸಸ್’, ‘ಸ್ಪೀಚ್ ಸರ್ವಿಸಸ್’ ಇಂಥವನ್ನು ಮುಟ್ಟಬೇಡಿ. ಸ್ಪೀಚ್ ಆ್ಯಪ್ ನಿಂತರೆ ಕನ್ನಡದಲ್ಲಿ ಓದಿಸುವ ಧ್ವನಿಯೂ ನಿಲ್ಲಬಹುದು. ದೃಷ್ಟಿ ಸಮಸ್ಯೆಯಿರುವವರ ಫೋನಿನಲ್ಲಿ ಅದು ಫೋನನ್ನೇ ಕಿತ್ತುಕೊಂಡಷ್ಟು ತೊಂದರೆ.

ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಸಿಸ್ಟಮ್ಮನ್ನು ಎಬ್ಬಿಸುವ ತಂತ್ರಾಂಶ) ಅನ್‌ಲಾಕ್ ಮಾಡಿ ಲೈನೇಜ್‌ಓಎಸ್‌ನಂಥ ಬೇರೆ ಸಿಸ್ಟಮ್ ಹಾಕುವುದೂ ಒಂದು ದಾರಿ. ತಿಳಿದವರಿಗೆ ಅದು ಒಳ್ಳೆಯ ದಾರಿಯೇ. ಆದರೆ ಅನ್‌ಲಾಕ್ ಮಾಡುವಾಗ ಫೋನಿನ ಡೇಟಾ ಪೂರ್ತಿ ಅಳಿಯುತ್ತದೆ, ಬ್ಯಾಂಕ್ ಆ್ಯಪ್‌ಗಳು ಓಡಲು ನಿರಾಕರಿಸಬಹುದು, ಚಿಪ್‌ನ ಫರ್ಮ್‌ವೇರ್ ಹಳೆಯದೇ ಉಳಿಯುತ್ತದೆ. ಇರುವ ಒಂದೇ ಫೋನಿನ ಮೇಲೆ ಮೊದಲ ಸಲ ಪ್ರಯೋಗ ಮಾಡಬೇಡಿ.

ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹಳೆಯದಾದರೆ

ಪ್ಲೇ ಸಿಸ್ಟಮ್ ಅಪ್‌ಡೇಟ್ ನಿಮಗಿಲ್ಲ, ಹೊಸ ಕ್ರೋಮ್ ಕೂಡ ಇಲ್ಲ. ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ ಹಲವು ಜಾಲತಾಣಗಳಲ್ಲಿ ಬರುತ್ತಿದ್ದರೆ, ಯಾವ ಜಾಲತಾಣದ ಪ್ರಮಾಣಪತ್ರ ನಂಬಬೇಕು ಎಂಬ ಪಟ್ಟಿ ಹಳೆಯದಾದ ಲಕ್ಷಣ ಅದಾಗಿರಬಹುದು. ಅಸಂಖ್ಯಾತ ಜಾಲತಾಣಗಳಿಗೆ ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಫೋನುಗಳ ಪಟ್ಟಿಯಲ್ಲಿಲ್ಲ. ಅವುಗಳಿಗಾಗಿ ಮಾಡಿದ್ದ ಬದಲಿ ವ್ಯವಸ್ಥೆಯೂ 2024ಕ್ಕೆ ಮುಗಿಯಿತು. ಫೈರ್‌ಫಾಕ್ಸ್ ತನ್ನದೇ ಪಟ್ಟಿಯನ್ನೂ ತನ್ನದೇ ಬ್ರೌಸರ್ ಎಂಜಿನ್ನನ್ನೂ ಹೊತ್ತು ಬರುತ್ತದೆ, ನಿಮ್ಮ ಆವೃತ್ತಿಗೆ ಸಿಗುವುದಾದರೆ ಹಾಕಿ. ಸುದ್ದಿ ಓದಲು, ಹಾಡು ಕೇಳಲು ಸಾಕು. ಆ ಫೋನಿನಿಂದ ಯುಪಿಐ ಮತ್ತು ಬ್ಯಾಂಕ್ ಆ್ಯಪ್ ತೆಗೆದುಬಿಡಿ.

ಎಲ್ಲ ಮಾಡಿದ ಮೇಲೂ ಉಳಿಯುವುದು

ಕರ್ನಲ್, ಮೋಡೆಮ್, ಗ್ರಾಫಿಕ್ಸ್ ಡ್ರೈವರ್, ಬ್ಲೂಟೂತ್ ಚಿಪ್‌ನ ಫರ್ಮ್‌ವೇರ್ ಕಂಪನಿ ಬಿಟ್ಟ ತಿಂಗಳಲ್ಲೇ ನಿಂತಿರುತ್ತವೆ. ಅವನ್ನು ನಾವು ಸರಿಪಡಿಸಲಾಗದು, ದಾಳಿಗೆ ದಾರಿ ಕಿರಿದು ಮಾಡಬಹುದು ಅಷ್ಟೆ. ಬಳಸದಾಗ ಬ್ಲೂಟೂತ್ ಆಫ್ ಮಾಡಿ. ಮೆಸೇಜ್ ಆ್ಯಪ್‌ನಲ್ಲಿ ಎಂಎಂಎಸ್ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಆಂಡ್ರಾಯ್ಡ್ 12 ಮತ್ತು ಮೇಲಿನ ಕೆಲವು ಫೋನುಗಳಲ್ಲಿ ಸಿಮ್ ಸೆಟ್ಟಿಂಗ್ಸ್ ಒಳಗೆ ‘ಅಲೋ 2ಜಿ’ ಎಂಬ ಗುಂಡಿಯಿದೆ. ನಿಮ್ಮ ಊರಿನಲ್ಲಿ 4ಜಿ ಸರಿಯಾಗಿ ಸಿಗುವುದಾದರೆ ಅದನ್ನು ಆಫ್ ಮಾಡಿ, ನಕಲಿ ಟವರ್‌ಗಳ ಕಾಟಕ್ಕೆ ಅದು ತಡೆ.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರವೇನು? ನನ್ನ ಅಭಿಪ್ರಾಯ ಇದು. ಪ್ಲೇ ಸಿಸ್ಟಮ್ ದಿನಾಂಕ ಹೊಸದಿದ್ದು, ವೆಬ್‌ವ್ಯೂ ಹೊಸದಿದ್ದು, ಕಂಪನಿಯ ಭದ್ರತಾ ದಿನಾಂಕ ಒಂದು ವರ್ಷದೊಳಗಿದ್ದರೆ ನೆಮ್ಮದಿಯಾಗಿ ಬಳಸಿ. ಅದು ಎರಡು ವರ್ಷ ದಾಟಿದ್ದರೆ ಸಂಬಳ ಬರುವ ಮುಖ್ಯ ಖಾತೆಯನ್ನು ಆ ಫೋನಿನಲ್ಲಿ ಇಡಬೇಡಿ. ಬೇರೆ ಫೋನ್ ಕೊಳ್ಳುವಷ್ಟು ಅನುಕೂಲ ಇಲ್ಲದಿದ್ದರೆ ಯುಪಿಐಗೆ ಸ್ವಲ್ಪವೇ ಹಣವಿರುವ ಇನ್ನೊಂದು ಖಾತೆ ಜೋಡಿಸಿ. ಮುಂದೆ ಕೊಳ್ಳುವಾಗ ಕ್ಯಾಮೆರಾಕ್ಕಿಂತ ಮೊದಲು ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತಾರೆಂದು ಕೇಳಿ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷದ ಭರವಸೆ ಕೊಡುವ ಪದ್ಧತಿ ಬಂದಿದೆ, ಅಗ್ಗದ ಫೋನುಗಳಲ್ಲಿ ಅಷ್ಟು ಇರುವುದಿಲ್ಲ.

ಹಳೆಯ ಫೋನನ್ನು ಮನೆಯ ಹಿರಿಯರಿಗೋ ಓದುವ ಮಕ್ಕಳಿಗೋ ಕೊಡುವುದಾದರೆ ರೀಸೆಟ್ ಮಾಡಿಯೇ ಕೊಡುತ್ತೀರಿ, ಮಾಡಲೇಬೇಕು. ರೀಸೆಟ್ ಆದ ಕೂಡಲೇ ವೆಬ್‌ವ್ಯೂ, ಪ್ಲೇ ಸರ್ವಿಸಸ್, ಅಪೆಕ್ಸ್ ಪೊಟ್ಟಣಗಳು ಫ್ಯಾಕ್ಟರಿಯ ಕಾಲಕ್ಕೆ ಮರಳಿರುತ್ತವೆ. ಅವರ ಖಾತೆ ಹಾಕಿದ ಮೇಲೆ, ಬ್ಯಾಂಕ್ ಆ್ಯಪ್ ಇಳಿಸುವ ಮುನ್ನ, 2ನೇ ಹಂತದಿಂದ 4ನೇ ಹಂತದವರೆಗೆ ನೀವೇ ಪಕ್ಕದಲ್ಲಿ ಕೂತು ಮಾಡಿಕೊಡಿ. ಕೊನೆಯ ರೀಸ್ಟಾರ್ಟ್ ಆಗಿ ದಿನಾಂಕ ಬದಲಾದದ್ದನ್ನು ನೋಡಿಯೇ ಫೋನನ್ನು ಅವರ ಕೈಗೆ ಕೊಡಿ.